ಅರ್ಧ ಲಿವರ್, ಪೂರ್ತಿ ಗುಳಿಗೆ

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಲಿವರ್‌ನ ದೊಡ್ಡ ಆಪರೇಷನ್ ಅಂದರೆ ಹೈದರಾಬಾದ್. ಕಲಬುರಗಿಯಲ್ಲಿ ತಪಾಸಣೆ, ಸ್ಕ್ಯಾನಿಂಗ್ ಮುಗಿಸಿದ ಮೇಲೆ ಹೆಚ್ಚಿನವರು ಸೇಡಂನಲ್ಲೋ ಮಳಖೇಡ ರೋಡಿನಲ್ಲೋ ಗಾಡಿ ಹತ್ತಿ, ತಾಂಡೂರು, ವಿಕಾರಾಬಾದ್ ದಾಟಿ ಹೋಗುತ್ತಾರೆ. ಕೆಲವರು ಸೊಲ್ಲಾಪುರಕ್ಕೆ, ಕೆಲವರು ಬೆಂಗಳೂರಿಗೆ. ವಾರ, ಹತ್ತು ದಿನ ಕಳೆದು ಊರಿಗೆ ಬರುವಾಗ ಹೊಟ್ಟೆಯ ಮೇಲೆ ಉದ್ದ ಹೊಲಿಗೆ, ಕೈಯಲ್ಲಿ ಒಂದು ಫೈಲು, ಒಂದು ಚೀಲ ಗುಳಿಗೆ. ಆಪರೇಷನ್ ಹೇಗಾಯಿತು, ಎಷ್ಟು ಖರ್ಚಾಯಿತು ಎಂದು ಓಣಿಯವರೆಲ್ಲ ಕೇಳುತ್ತಾರೆ. ಆ ಚೀಲದಲ್ಲಿರುವ ನೋವಿನ ಗುಳಿಗೆಯನ್ನು ಉಳಿದಷ್ಟು ಲಿವರ್ ಹೇಗೆ ತಾಳಿಕೊಳ್ಳುತ್ತದೆ ಎಂದು ಕೇಳುವವರು ಕಡಿಮೆ. ಆದಿತ್ಯನಗರದ ಆಸುಪಾಸಿನ ರೋಗಿಗಳನ್ನು ನೋಡುವ ವೈದ್ಯನಾಗಿ ಇವತ್ತು ಅದನ್ನೇ ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದಿದ್ದೇನೆ.

ಲಿವರ್‌ಗೆ ಚಾಕು ಹಾಕುವ ಪ್ರಸಂಗ ಯಾಕೆ ಬರುತ್ತದೆ? ಕುರಿ, ನಾಯಿಗಳ ಜೊತೆ ಬದುಕುವವರಲ್ಲಿ ಕಾಣುವ ಹೈಡಾಟಿಡ್ ಎಂಬ ನೀರುಗುಳ್ಳೆ ಒಂದು ಕಾರಣ. ನಾಯಿಯ ಹೊಟ್ಟೆಯ ಲಾಡಿಹುಳುವಿನ ತತ್ತಿ ಕೈಯಿಂದ ಬಾಯಿಗೆ ಹೋಗಿ, ಲಿವರ್‌ನಲ್ಲಿ ವರ್ಷಗಟ್ಟಲೆ ಬೆಳೆದು ತೆಂಗಿನಕಾಯಿ ಗಾತ್ರಕ್ಕೆ ಬರುವುದುಂಟು. ಹೆಪಟೈಟಿಸ್ ಬಿ ವೈರಸ್ಸಿನಿಂದ ಹುಟ್ಟಿದ ಕ್ಯಾನ್ಸರ್ ಇನ್ನೊಂದು. ದೊಡ್ಡ ಕರುಳಿನಿಂದ ಹರಡಿದ ಗಡ್ಡೆ ಮತ್ತೊಂದು. ಇವರೆಲ್ಲರ ಜೊತೆ, ರೋಗವೇ ಇಲ್ಲದೆ ಆಪರೇಷನ್ ಮಾಡಿಸಿಕೊಳ್ಳುವವರೂ ಇದ್ದಾರೆ. ಗಂಡನಿಗೋ ಮಗನಿಗೋ ತಮ್ಮ ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಕೊಟ್ಟು ಬಂದ ಹೆಣ್ಣುಮಕ್ಕಳು ಅವರು. ಅವರ ನೋವನ್ನು ಮನೆಯವರು ಎಲ್ಲಕ್ಕಿಂತ ಕಡಿಮೆ ವಿಚಾರಿಸುತ್ತಾರೆ. ಇದು ನನಗೆ ಬಹಳ ಬೇಸರದ ಸಂಗತಿ.

ಈಗ ಔಷಧದ ದಾರಿ ನೋಡೋಣ. ನೀವು ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿ, ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ಆ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ನಮ್ಮ ಸೇಡಂ ದಾರಿಯಲ್ಲಿ ಬರುವ ಹೈದರಾಬಾದ್ ಕಡೆಯ ಗಾಡಿ ಮುಂಬಯಿಗೆ ಹೋಗಬೇಕಾದರೂ ಗುಂತಕಲ್‌ಗೆ ಹೋಗಬೇಕಾದರೂ ಸಾಮಾನ್ಯವಾಗಿ ವಾಡಿ ಜಂಕ್ಷನ್ ಮುಟ್ಟಿಯೇ ಹೋಗುತ್ತದಲ್ಲ, ಹಾಗೆ ಕರುಳಿನ ರಕ್ತವೆಲ್ಲ ಪೋರ್ಟಲ್ ವೇನ್ ಎಂಬ ಒಂದು ದಪ್ಪ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಬರುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಲಿವರ್ ಮೂಲಕ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಈ ನಾಳದ್ದೇ. ಬಾಯಿಂದ ಕೊಟ್ಟ ಮಾರ್ಫಿನ್‌ನಲ್ಲಿ ಹೆಚ್ಚಿನ ಪಾಲನ್ನು ಲಿವರ್ ಈ ಮೊದಲ ಭೇಟಿಯಲ್ಲೇ ಬದಲಿಸಿಬಿಡುತ್ತದೆ. ಸುಮಾರು ಮೂರನೇ ಒಂದು ಭಾಗ ಮಾತ್ರ ಮೈಗೆ ಸೇರುತ್ತದೆ. ಅದಕ್ಕೇ ನರಕ್ಕೆ ಕೊಡುವ ಹತ್ತು ಮಿಲಿಗ್ರಾಂ ಇಂಜೆಕ್ಷನ್‌ಗೆ ಸಮನಾಗಬೇಕಾದರೆ ಬಾಯಿಗೆ ಸುಮಾರು ಮೂವತ್ತು ಮಿಲಿಗ್ರಾಂ ಬೇಕು. ಲಿವರ್‌ನ ದೊಡ್ಡ ಭಾಗ ಹೋದಮೇಲೆ ಈ ಲೆಕ್ಕ ತಪ್ಪುತ್ತದೆ. ತಡೆಯುವ ಜೀವಕೋಶಗಳೇ ಕಡಿಮೆಯಾದಾಗ ಅದೇ ಗುಳಿಗೆಯ ಹೆಚ್ಚಿನ ಪಾಲು ಒಳಗೆ ನುಗ್ಗುತ್ತದೆ, ಒಳಗೆ ಹೋದದ್ದು ಹೆಚ್ಚು ಹೊತ್ತು ಉಳಿಯುತ್ತದೆ. ಲಿವರ್‌ನ ಭಾಗ ತೆಗೆಸಿಕೊಂಡವರನ್ನೂ ದೊಡ್ಡ ಕರುಳಿನ ಆಪರೇಷನ್ ಆದವರನ್ನೂ ಹೋಲಿಸಿ ನೋಡಿದಾಗ, ಲಿವರ್‌ನವರ ರಕ್ತದಲ್ಲಿ ಮಾರ್ಫಿನ್ ಪ್ರಮಾಣ ಹೆಚ್ಚಿರುವುದು ಕಂಡುಬಂದಿದೆ.

ಪ್ಯಾರಸಿಟಮಾಲ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಪ್ರತಿಯೊಂದು ಮನೆಯಲ್ಲೂ ಇರುವ ಔಷಧ ಅದೇ. ನಮ್ಮಲ್ಲಿ ಡೋಲೋ ಎಂದರೇ ಅದು ಎನ್ನುವಷ್ಟು ಪರಿಚಿತ. ಈ ರಾಸಾಯನಿಕವನ್ನು ಮೊದಲು ತಯಾರಿಸಿದ್ದು 1878ರಲ್ಲಿ. ಆದರೆ ಸುಮಾರು ಎಪ್ಪತ್ತು ವರ್ಷ ಅದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. 1948ರಲ್ಲಿ ಅಮೆರಿಕದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಎಂಬ ಇಬ್ಬರು ವಿಜ್ಞಾನಿಗಳು, ಅಸೆಟನಿಲೈಡ್ ಎಂಬ ಹಳೆಯ ಜ್ವರದ ಔಷಧ ಮೈಯೊಳಗೆ ಹೋಗಿ ಪ್ಯಾರಸಿಟಮಾಲ್ ಆಗಿ ಬದಲಾದ ಮೇಲೆಯೇ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಅಂದರೆ ಈ ಔಷಧದ ಗುಣ ತಿಳಿದದ್ದೇ ಮೈ ಅದನ್ನು ಹೇಗೆ ಬದಲಿಸುತ್ತದೆ ಎಂದು ನೋಡಿದಾಗ.

ಲಿವರ್ ಪ್ಯಾರಸಿಟಮಾಲನ್ನು ಮೂರು ದಾರಿಯಲ್ಲಿ ಕಳಿಸುತ್ತದೆ. ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ಗ್ಲುಕುರೊನಿಕ್ ಆಮ್ಲವನ್ನೂ, ಸುಮಾರು ಮೂರನೇ ಒಂದು ಪಾಲಿಗೆ ಸಲ್ಫೇಟನ್ನೂ ಅಂಟಿಸುತ್ತದೆ. ಎರಡೂ ನಿರುಪದ್ರವಿ, ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುತ್ತವೆ. ಉಳಿದ ಐದರಿಂದ ಹತ್ತು ಶೇಕಡಾ ಮಾತ್ರ ಮೂರನೆಯ ದಾರಿ ಹಿಡಿಯುತ್ತದೆ. ಅಲ್ಲಿ ಎನ್.ಎ.ಪಿ.ಕ್ಯು.ಐ. ಎಂಬ ವಿಷ ಹುಟ್ಟುತ್ತದೆ. ಲಿವರ್‌ನ ಕೋಶದಲ್ಲಿರುವ ಗ್ಲುಟಥಯೋನ್ ಎಂಬ ವಸ್ತು ಅದನ್ನು ಹುಟ್ಟಿದ ಕ್ಷಣದಲ್ಲೇ ಹಿಡಿದು ನಿಷ್ಕ್ರಿಯ ಮಾಡುತ್ತದೆ. ಗ್ಲುಟಥಯೋನ್ ಇರುವವರೆಗೆ ಭಯವಿಲ್ಲ. ಅದು ಮುಗಿದರೆ ಆ ವಿಷ ಲಿವರ್‌ನ ಕೋಶಗಳನ್ನೇ ಕೊಲ್ಲುತ್ತದೆ. ಮೊದಲ ದಾರಿ ಎಷ್ಟು ಮುಖ್ಯ ಎಂಬುದು ಬೇಕಾದರೆ ಮನೆಯ ಬೆಕ್ಕನ್ನು ನೆನೆಯಿರಿ. ಗ್ಲುಕುರೊನಿಕ್ ಆಮ್ಲ ಅಂಟಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಡಿಮೆ. ನಾವು ಜ್ವರಕ್ಕೆ ನುಂಗುವ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಬೆಕ್ಕಿಗೆ ನೆಗಡಿ ಎಂದು ದಯವಿಟ್ಟು ಯಾರೂ ಅದನ್ನು ಕೊಡಬೇಡಿ.

ಆಪರೇಷನ್ ಆದವರ ಮಾತಿಗೆ ಬರೋಣ. ಊಟ ಸೇರದೆ ಸೊರಗಿದ ಮೈಯಲ್ಲಿ ಗ್ಲುಟಥಯೋನ್ ದಾಸ್ತಾನು ತೀರ ಕಡಿಮೆ ಇರುತ್ತದೆ. ಉಳಿದ ಕೋಶಗಳು ಒಂದು ಕಡೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು ತಯಾರಿಸಬೇಕು, ಇನ್ನೊಂದು ಕಡೆ ತಾವೇ ಇಬ್ಭಾಗವಾಗಿ ಬೆಳೆಯಬೇಕು. ಹೌದು, ಲಿವರ್ ಬೆಳೆಯುತ್ತದೆ. ಆರೋಗ್ಯವಂತನ ಲಿವರ್‌ನಲ್ಲಿ ಕಾಲು ಭಾಗದಷ್ಟು ಉಳಿದರೂ ಜೀವ ನಡೆಯುತ್ತದೆ, ಮೊದಲ ಒಂದೆರಡು ವಾರದಲ್ಲೇ ಅದು ವೇಗವಾಗಿ ಗಾತ್ರ ತುಂಬಿಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಹಳೆಯ ಗಾತ್ರದ ಸಮೀಪಕ್ಕೆ ಬರುತ್ತದೆ. ಮೈಯೊಳಗಿನ ಬೇರೆ ಯಾವ ದೊಡ್ಡ ಅಂಗಕ್ಕೂ ಇಂಥ ಶಕ್ತಿ ಇಲ್ಲ. ಆದರೆ ಆ ಬೆಳವಣಿಗೆಯ ವಾರಗಳಲ್ಲಿ ಔಷಧ ಕರಗಿಸುವ ಕೆಲಸಕ್ಕೆ ಕೈ ಕಡಿಮೆ. ಆದ್ದರಿಂದಲೇ ಆರೋಗ್ಯವಂತನಿಗೆ ದಿನಕ್ಕೆ ನಾಲ್ಕು ಗ್ರಾಂವರೆಗೆ ಒಪ್ಪುವ ವೈದ್ಯರು ಲಿವರ್ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಎರಡರಿಂದ ಮೂರು ಗ್ರಾಂಗೆ ಗೆರೆ ಎಳೆಯುತ್ತಾರೆ. ಐವತ್ತು ಕಿಲೋಗಿಂತ ಕಡಿಮೆ ತೂಕದವರಿಗೆ ಪ್ರತಿ ಸಲದ ಪ್ರಮಾಣವನ್ನು ಕಿಲೋಗೆ ಹದಿನೈದು ಮಿಲಿಗ್ರಾಂನಂತೆ ಲೆಕ್ಕ ಹಾಕಬೇಕು. ನಮ್ಮ ಹಳ್ಳಿಗಳಲ್ಲಿ ನಲವತ್ತು, ನಲವತ್ತೈದು ಕಿಲೋ ತೂಗುವ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ನಿಮಗೇ ಗೊತ್ತು.

ಹಾಗಾದರೆ ಪ್ಯಾರಸಿಟಮಾಲ್ ಬಿಟ್ಟೇಬಿಡಬೇಕೇ? ಖಂಡಿತ ಬೇಡ. ಲಿವರ್ ಆಪರೇಷನ್ ಆದವರಿಗೆ ಮಿತಿಯೊಳಗೆ ಎಲ್ಲಕ್ಕಿಂತ ಭರವಸೆಯ ನೋವುನಿವಾರಕ ಅದೇ. ಗುಳಿಗೆ ಲಿವರನ್ನು ಸುಡುತ್ತದೆ ಎಂಬ ಹೆದರಿಕೆಯಿಂದ ಹಲ್ಲು ಕಚ್ಚಿ ನೋವು ನುಂಗುವವರನ್ನು ನೋಡಿದ್ದೇನೆ. ಅದೂ ಅಪಾಯವೇ. ಈ ಆಪರೇಷನ್‌ನ ಕೊಯ್ತ ಪಕ್ಕೆಲುಬಿನ ಕೆಳಗೇ ಇರುತ್ತದೆ. ಪ್ರತಿ ಉಸಿರಿಗೂ ಅಲ್ಲಿ ಎಳೆಯುತ್ತದೆ. ನೋವಿಗೆ ಹೆದರಿ ಮೇಲು ಮೇಲೆ ಉಸಿರಾಡಿ, ಕೆಮ್ಮು ತಡೆದುಕೊಂಡು ಮಲಗಿದವರಿಗೆ ಶ್ವಾಸಕೋಶದ ತಳಭಾಗದಲ್ಲಿ ಕಫ ಕೂತು ನ್ಯುಮೋನಿಯ ಆಗುತ್ತದೆ. ಓಡಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೋವು ಇಳಿಸುವುದು ವಾಸಿಯಾಗುವುದರ ಒಂದು ಭಾಗ. ಹೆರಿಗೆ ನೋವು ತಾಳಿದ ಹೆಂಗಸಿಗೆ ಇದೇನು ದೊಡ್ಡದು ಎಂದು ಮನೆಯ ಹಿರಿಯರು ಅನ್ನುವುದುಂಟು. ಆ ಮಾತು ನಿಲ್ಲಬೇಕು.

ಆಸ್ಪತ್ರೆಯಲ್ಲಿರುವಾಗ ನೋವನ್ನೂ ಲಿವರನ್ನೂ ತೂಗಿ ನೋಡುವ ಈ ಕೆಲಸವನ್ನು ಅರಿವಳಿಕೆ ತಜ್ಞರು ನೋಡಿಕೊಳ್ಳುತ್ತಾರೆ. ಬೆನ್ನಿನಲ್ಲಿ ಎಪಿಡ್ಯೂರಲ್ ನಳಿಗೆ ಇಟ್ಟರೆ ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ಲಿವರ್ ಕತ್ತರಿಸಿದ ಮೇಲೆ ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟುವುದು ನಿಧಾನ. ಆ ಹೊತ್ತಿನಲ್ಲಿ ನಳಿಗೆ ಎಳೆದರೆ ಬೆನ್ನುಹುರಿಯ ಹತ್ತಿರ ರಕ್ತ ಸೋರಬಹುದು. ಅದಕ್ಕೇ ರಕ್ತಪರೀಕ್ಷೆ ಸರಿಬರುವವರೆಗೆ ಅದನ್ನು ತೆಗೆಯದೆ ಕಾಯುತ್ತಾರೆ. ನಳಿಗೆ ಇನ್ನೂ ಇದೆ ಎಂದು ಸಂಬಂಧಿಕರು ಗಾಬರಿಯಾಗುವುದು ಬೇಡ. ಈಗ ಹಲವು ಕಡೆ ಹೊಟ್ಟೆಯ ಗೋಡೆಯ ನರಗಳಿಗೆ ಮಾತ್ರ ಮದ್ದು ಬಿಟ್ಟು ಮರಗಟ್ಟಿಸುವ ಪದ್ಧತಿ ಬಂದಿದೆ.

ಮಾರ್ಫಿನ್ ಜಾತಿಯ ಬಲವಾದ ಔಷಧಗಳಲ್ಲಿ ಎಲ್ಲವೂ ಒಂದೇ ರೀತಿ ಅಲ್ಲ. ಆಪರೇಷನ್ ನಡೆಯುವಾಗ ಕೊಡುವ ರೆಮಿಫೆಂಟನಿಲ್ ರಕ್ತದಲ್ಲೂ ಮಾಂಸಖಂಡದಲ್ಲೂ ಇರುವ ಕಿಣ್ವಗಳಿಂದಲೇ ಒಡೆದುಹೋಗುತ್ತದೆ, ಲಿವರ್‌ನ ಹಂಗು ಅದಕ್ಕಿಲ್ಲ. ಮಾರ್ಫಿನ್ ಲಿವರ್‌ನಲ್ಲಿ ಬದಲಾಗುತ್ತದೆ, ಬದಲಾದದ್ದನ್ನು ಮೂತ್ರಪಿಂಡ ಹೊರಹಾಕಬೇಕು. ಮೂತ್ರ ಕಡಿಮೆಯಾದವರಿಗೆ ಅದರಿಂದ ಎರಡೂ ಕಡೆಯಿಂದ ತೊಂದರೆ. ಮನೆಗೆ ಕಳಿಸುವಾಗ ಹೆಚ್ಚಾಗಿ ಬರೆಯುವ ಟ್ರಾಮಡಾಲ್ ಇನ್ನೊಂದು ತರಹ. ಲಿವರ್ ಅದನ್ನು ಬದಲಿಸಿದಾಗಲೇ ಅದರ ಪೂರ್ಣ ಬಲ ಬರುವುದು. ದುರ್ಬಲ ಲಿವರ್‌ನಲ್ಲಿ ಬಲ ಬರುವುದು ಕಡಿಮೆ, ಬದಲಾಗದ ಔಷಧ ಮೈಯಲ್ಲಿ ಶೇಖರವಾಗುವುದು ಹೆಚ್ಚು. ಸಾಮಾನ್ಯ ಮನುಷ್ಯನಲ್ಲಿ ಸುಮಾರು ಆರು ಗಂಟೆಯಲ್ಲಿ ಅರ್ಧವಾಗುವ ಟ್ರಾಮಡಾಲ್, ಲಿವರ್ ಗಟ್ಟಿಗೊಂಡು ಸಿರೋಸಿಸ್ ಆದವರಲ್ಲಿ ಅರ್ಧವಾಗಲು ಸುಮಾರು ಹದಿಮೂರು ಗಂಟೆ ಬೇಕು. ನೋವು ಇಳಿಯಲಿಲ್ಲ ಎಂದು ರೋಗಿ ಇನ್ನೊಂದು ನುಂಗುತ್ತಾನೆ, ಹಿಂದಿನದೇ ಇನ್ನೂ ಒಳಗಿರುತ್ತದೆ. ತಲೆಸುತ್ತು, ವಾಂತಿ, ಮಂಪರು, ಹೆಚ್ಚಾದರೆ ಫಿಟ್ಸ್.

ಇಲ್ಲಿ ಒಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ದೇಶ ನಮ್ಮದು. ಮಾರ್ಫಿನ್‌ಗೆ ಬೇಕಾದ ಕಚ್ಚಾವಸ್ತುವನ್ನು ಹೊರದೇಶಕ್ಕೂ ಕೊಡುತ್ತೇವೆ. ಆದರೆ 1985ರ ಮಾದಕವಸ್ತು ಕಾಯ್ದೆಯ ಭಯದಲ್ಲಿ ನಮ್ಮ ಆಸ್ಪತ್ರೆಗಳೇ ಮಾರ್ಫಿನ್ ಇಡಲು ಹಿಂಜರಿದವು. 2014ರಲ್ಲಿ ಕಾಯ್ದೆ ತಿದ್ದಿ ನೋವಿನ ರೋಗಿಗಳಿಗೆ ದಾರಿ ಸಲೀಸು ಮಾಡಲಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಗುಳಿಗೆ ಸಿಗುತ್ತದೆ. ತಾಲೂಕು ಮಟ್ಟದಲ್ಲಿ ಇವತ್ತಿಗೂ ಅದು ಸುಲಭವಲ್ಲ. ಲಿವರ್ ಕ್ಯಾನ್ಸರ್‌ನ ರೋಗಿ ಚಿಂಚೋಳಿಯ ತಾಂಡಾದಲ್ಲಿದ್ದರೆ ಅವನ ನೋವೇನು ಬೆಂಗಳೂರಿನವನಿಗಿಂತ ಕಡಿಮೆಯೇ?

ಈಚೆಗೆ ಶಹಾಬಾದ್ ಕಡೆಯ ಫರ್ಸಿ ಖಣಿಯಲ್ಲಿ ದುಡಿಯುವ ಒಬ್ಬರು ಬಂದಿದ್ದರು. ಲಿವರ್‌ನ ಬಲಭಾಗ ತೆಗೆದು ಮೂರು ವಾರ ಆಗಿತ್ತು. ಊಟ ಬೇಡ, ವಾಕರಿಕೆ ಎಂದರು. ಹೆಂಡತಿ ಚೀಲದ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಮೊದಲ ಪಟ್ಟಿ, ಆಸ್ಪತ್ರೆಯವರೇ ಕೊಟ್ಟದ್ದು: ಟ್ರಾಮಡಾಲ್ 37.5, ಪ್ಯಾರಸಿಟಮಾಲ್ 325 ಮಿಲಿಗ್ರಾಂ, ದಿನಕ್ಕೆ ಮೂರು. ಎರಡನೆಯದು ಸಂಜೆ ಮೈ ಬಿಸಿಯಾಗುತ್ತದೆಂದು ಕಿರಾಣಿ ಅಂಗಡಿಯಿಂದ ತಂದದ್ದು: ಪ್ಯಾರಸಿಟಮಾಲ್ 650, ಅದೂ ಮೂರು. ಮೂರನೆಯದು ನೆಗಡಿಯ ಗುಳಿಗೆ, ದಿನಕ್ಕೆ ಎರಡು. ಬೆಳ್ಳಿಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಮತ್ತೆ ಪ್ಯಾರಸಿಟಮಾಲ್, 500. ಕೂಡಿಸಿ ನೋಡಿದೆ: 975, 1950, 1000. ಒಟ್ಟು 3925 ಮಿಲಿಗ್ರಾಂ. ಡಿಸ್ಚಾರ್ಜ್ ಕಾಗದದಲ್ಲಿ ಎರಡು ಗ್ರಾಂ ದಾಟಬಾರದೆಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಎಲ್ಲಾ ಬ್ಯಾರೆ ಬ್ಯಾರೆ ಗುಳಿಗಿ ಅವ ಅಲ್ರಿ ಸರ್. ಒಂದು ಬ್ಯಾನಿದು, ಒಂದು ಜ್ವರದ್ದು, ಒಂದು ನೆಗಡಿದು," ಅಂದರು ಆ ತಾಯಿ. ಅವರ ಲೆಕ್ಕದಲ್ಲಿ ತಪ್ಪೇನಿದೆ? ಬಣ್ಣ ಬೇರೆ, ಹೆಸರು ಬೇರೆ, ಕೊಟ್ಟ ಕಾರಣ ಬೇರೆ. ಒಳಗಿರುವುದು ಒಂದೇ ಎಂದು ಅವರಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಎರಡು ಪಟ್ಟಿ ನಿಲ್ಲಿಸಿ, ರೋಗಿಯನ್ನು ಅವತ್ತೇ ರಕ್ತಪರೀಕ್ಷೆಗೆ ಕಲಬುರಗಿಗೆ ಕಳಿಸಿದೆ. ಸಮಯಕ್ಕೆ ಸಿಕ್ಕಿದ್ದರಿಂದ ಅವರು ಚೇತರಿಸಿಕೊಂಡರು. ಪ್ಯಾರಸಿಟಮಾಲ್ ಮಿತಿಮೀರಿದವರಿಗೆ ಗ್ಲುಟಥಯೋನ್ ತುಂಬಿಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ. ಅದು ಬೇಗ ಕೊಟ್ಟಷ್ಟೂ ಒಳ್ಳೆಯದು.

ಡೈಕ್ಲೊಫಿನ್ಯಾಕ್, ಅಸಿಕ್ಲೊಫಿನ್ಯಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಸೊಂಟನೋವಿಗೆ, ಮೊಣಕಾಲಿಗೆ ನಮ್ಮ ಖಣಿಯವರು, ಹೊಲದವರು ದಿನಾ ನುಂಗುವ ಗುಳಿಗೆಗಳಿವು. ಲಿವರ್ ಆಪರೇಷನ್ ಆದಮೇಲೆ ರಕ್ತಸ್ರಾವಕ್ಕೂ ಮೂತ್ರಪಿಂಡಕ್ಕೂ ಇವುಗಳಿಂದ ಅಪಾಯ. ಸರ್ಜನ್ ತಾವೇ ಬರೆದುಕೊಟ್ಟ ಹೊರತು ಮುಟ್ಟಬೇಡಿ.

ಇನ್ನು ಕುಡಿತ. ನಿತ್ಯ ಕುಡಿಯುವವರ ಲಿವರ್‌ನಲ್ಲಿ ಪ್ಯಾರಸಿಟಮಾಲ್‌ನ ಆ ಮೂರನೆಯ, ವಿಷದ ದಾರಿ ಅಗಲವಾಗುತ್ತದೆ. ಅದನ್ನು ಹಿಡಿಯುವ ಗ್ಲುಟಥಯೋನ್ ಬರಿದಾಗುತ್ತದೆ. ಸೇಂದಿಯ ಕಥೆ ಇನ್ನೂ ಕೆಟ್ಟದು. ನಮ್ಮ ಭಾಗದಲ್ಲಿ ಸೇಂದಿಗೆ ಸಿ.ಎಚ್. ಪೌಡರ್ ಬೆರೆಸುವುದು ಎಲ್ಲರಿಗೂ ತಿಳಿದದ್ದೇ. ಅದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಮದ್ದು. ಅದನ್ನು ಬದಲಿಸುವುದೂ ಈ ಲಿವರ್‌ನದೇ ಕೆಲಸ. ಅದರ ಜೊತೆ ಟ್ರಾಮಡಾಲೋ ಮಾರ್ಫಿನ್ನೋ ಸೇರಿದರೆ ಉಸಿರೇ ನಿಲ್ಲಬಹುದು. ದಿನಾ ಸೇಂದಿ ಕುಡಿಯುತ್ತಿದ್ದವರು ಆಪರೇಷನ್‌ಗೆ ಮೊದಲೇ ಅದನ್ನು ವೈದ್ಯರಿಗೆ ಹೇಳಿಬಿಡಬೇಕು. ಮುಚ್ಚಿಟ್ಟರೆ, ಅದು ಸಿಗದೆ ಬರುವ ನಡುಕ, ಹುಚ್ಚುಮಾತುಗಳನ್ನು ನೋವಿನ ಮದ್ದಿನ ತೊಂದರೆ ಎಂದೋ ಲಿವರ್ ಸೋತದ್ದೆಂದೋ ತಪ್ಪು ತಿಳಿಯುವ ಸಂಭವವಿದೆ. ಮದ್ಯ ಬಿಡಿ ಎಂಬ ಮಾತು ಹೊಸದಲ್ಲ. ಆದಿತ್ಯನಗರದ ಪಕ್ಕದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕಲ್ಯಾಣಕಾರಕ ಎಂಬ ವೈದ್ಯಗ್ರಂಥ ಬರೆದ ಉಗ್ರಾದಿತ್ಯ ಮದ್ಯ, ಮಾಂಸ ಬಿಟ್ಟು ಚಿಕಿತ್ಸೆ ಮಾಡಬೇಕೆಂದು ವಾದಿಸಿದ. ಅವನ ಕಾರಣಗಳು ಜೈನಧರ್ಮದವು, ನನ್ನವು ರಸಾಯನಶಾಸ್ತ್ರದವು. ಮದ್ಯದ ಮಟ್ಟಿಗೆ ಅವನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಮನೆಯವರು ಗಮನಿಸಬೇಕಾದ ಲಕ್ಷಣಗಳನ್ನು ಹೇಳುತ್ತೇನೆ, ಹತ್ತಿರ ಪೆನ್ನಿದ್ದರೆ ಬರೆದುಕೊಳ್ಳಿ. ಹಗಲೆಲ್ಲ ಮಂಪರು, ರಾತ್ರಿ ಎಚ್ಚರ. ಮಾತು ತೊದಲುವುದು, ದಿನ, ಊರು ತಪ್ಪು ಹೇಳುವುದು. ಕೈ ಮುಂದೆ ಚಾಚಿದರೆ ಅಂಗೈ ಪಟಪಟ ಬೀಳುವುದು. ಇವು ಲಿವರ್ ನಿವಾರಿಸಬೇಕಾದ ಅಮೋನಿಯದಂಥ ಕಲ್ಮಶ ತಲೆಗೇರಿದ ಗುರುತು. ಮಾರ್ಫಿನ್ ಜಾತಿಯ ಮದ್ದು ಮಲಬದ್ಧತೆ ಮಾಡುತ್ತದೆ, ಮಲ ನಿಂತರೆ ಆ ಕಲ್ಮಶ ಇನ್ನೂ ಏರುತ್ತದೆ. ಅದಕ್ಕೇ ನೋವಿನ ಗುಳಿಗೆಯ ಜೊತೆ ವೈದ್ಯರು ಹೊಟ್ಟೆ ಸಡಿಲವಾಗುವ ಸಿಹಿ ಔಷಧ ಬರೆಯುತ್ತಾರೆ. ಹೊಟ್ಟೆ ಸರಿ ಇದೆ ಎಂದು ಅದನ್ನು ನಿಲ್ಲಿಸಬೇಡಿ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಬಿಡದ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ನಿಧಾನವಾದ ಉಸಿರು ಕಂಡರೆ ಬೆಳಗಿನ ಗಾಡಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಆಪರೇಷನ್ ಆದವರ ಮನೆಯವರಿಗೆ ನನ್ನ ಬೇಡಿಕೆ ಇಷ್ಟೇ. ಆಸ್ಪತ್ರೆಯಿಂದ ಹೊರಡುವಾಗ, "ಪ್ಯಾರಸಿಟಮಾಲ್ ದಿನಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ, ಎಷ್ಟು ವಾರ?" ಎಂದು ಕೇಳಿ, ಆ ಅಂಕಿಯನ್ನು ಕನ್ನಡದಲ್ಲಿ ಫೈಲಿನ ಮೇಲೆಯೇ ಬರೆಸಿಕೊಳ್ಳಿ. ಊರಲ್ಲಿ ಹೊಸ ಗುಳಿಗೆ ಯಾವುದು ತಂದರೂ, ಜ್ವರದ್ದಿರಲಿ ನೆಗಡಿಯದಿರಲಿ, ಪಟ್ಟಿಯ ಹಿಂದೆ ಪ್ಯಾರಸಿಟಮಾಲ್ ಎಂಬ ಹೆಸರು ಇದೆಯೇ ಎಂದು ಓದಲು ಬರುವವರಿಂದ ಓದಿಸಿ. ಶಾಲೆಗೆ ಹೋಗುವ ಮಕ್ಕಳು ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಸೇಡಂನಿಂದ ಚಿಂಚೋಳಿಯವರೆಗಿನ ನಮ್ಮ ಐದೂ ಊರುಗಳ ಔಷಧ ಅಂಗಡಿಯವರಲ್ಲೂ ಒಂದು ವಿನಂತಿ: ನೋವಿನ ಗುಳಿಗೆ ಕೇಳಿ ಬಂದವರಿಗೆ, "ಲಿವರ್ ಆಪರೇಷನ್ ಆಗ್ಯಾದೇನ್ರಿ?" ಎಂದು ಒಂದು ಮಾತು ಕೇಳಿ. ಹೌದು ಎಂದರೆ, ಫೈಲು ನೋಡಿದ ಮೇಲೆಯೇ ಗುಳಿಗೆ ಕೊಡಿ.